1/10 ಅಳತೆಯ ಹೈಡ್ರೋಪ್ಲೇನ್: ನೇರ ಓಟದಲ್ಲಿ ಮೂತಿ ಏಳುತ್ತದೆ, ತಿರುವಿನಲ್ಲಿ ಕುಣಿಯುತ್ತದೆ. ಯಾವುದನ್ನು ಮೊದಲು ಸರಿಪಡಿಸಬೇಕು?

ಪ್ರಶ್ನೆ

ರೇಡಿಯೋ ನಿಯಂತ್ರಣದ ದೋಣಿಗಳನ್ನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಆದರೆ ನಿಜವಾದ ಹೈಡ್ರೋಪ್ಲೇನನ್ನು, ಅಂದರೆ ವೇಗದಲ್ಲಿ ನೀರಿನ ಮೇಲ್ಮೈಯನ್ನಷ್ಟೇ ಸವರಿ ಓಡುವ ಸ್ಪರ್ಧಾ ದೋಣಿಯೊಂದನ್ನು, ಅಳತೆಗೆ ತಕ್ಕಂತೆ ಕಿರಿದುಗೊಳಿಸಿ ಕಟ್ಟಿರುವುದು ಇದೇ ಮೊದಲು. ನಾನು ಆರಿಸಿಕೊಂಡದ್ದು ಅಮೆರಿಕದ ಅನ್‌ಲಿಮಿಟೆಡ್ ಎಂಬ ಅತಿ ವೇಗದ ಹೈಡ್ರೋಪ್ಲೇನ್‌ಗಳ ವರ್ಗದಲ್ಲಿ 1973ರಲ್ಲಿ ಓಡಿದ ಪೇ ಎನ್ ಪ್ಯಾಕ್ ದೋಣಿಯನ್ನು. ಹಿಂಬದಿಯಲ್ಲಿ ಎತ್ತರದ ಕಂಬಗಳ ಮೇಲೆ ಅಡ್ಡ ರೆಕ್ಕೆಯೊಂದನ್ನು ಹೊತ್ತು, ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಹಾಳೆಗಳಿಂದ ಕಟ್ಟಿದ ಒಡಲಿನೊಂದಿಗೆ ಆ ದೋಣಿ ತನ್ನ ಕಾಲದ ಎಲ್ಲ ದೋಣಿಗಳಿಗಿಂತ ಬೇರೆಯಾಗಿಯೇ ಕಾಣುತ್ತಿತ್ತು.

ನನ್ನ ಮಾದರಿ 1/10 ಅಳತೆಯದು. ಒಳ ಚೌಕಟ್ಟುಗಳು 3 ಮಿಮೀ ಬರ್ಚ್ ಪ್ಲೈವುಡ್, ಹೊದಿಕೆ 0.8 ಮಿಮೀ ಪ್ಲೈವುಡ್, ಒಳಗೂ ಹೊರಗೂ ಎಪಾಕ್ಸಿ ಲೇಪ. ಬ್ಯಾಟರಿ ಸೇರಿ ತೂಕ 2.9 ಕೆಜಿ. 2000 ಕೆವಿಯ (ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಷ್‌ಲೆಸ್ ಮೋಟರ್, ನಾಲ್ಕು ಸೆಲ್‌ಗಳ 5000 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, 42 ಮಿಮೀ ವ್ಯಾಸದ, 1.4 ಪಿಚ್ ಅನುಪಾತದ ಎರಡು ಎಲೆಯ ಆಕ್ಟ್ಯೂರಾ ಪ್ರೊಪೆಲ್ಲರ್.

ತೊಂದರೆಗಳು ಎರಡು. ಗಾಳಿಯಿಲ್ಲದ ಹೊತ್ತಿನಲ್ಲಿ ದೋಣಿ ನೇರ ಓಟದಲ್ಲಿ ಚೆನ್ನಾಗಿಯೇ ಹೋಗುತ್ತದೆ; ಎದುರುಗಾಳಿ ಸ್ವಲ್ಪ ಬೀಸಿದರೂ ಮೂತಿ ಮೆಲ್ಲಗೆ ಮೇಲೇಳತೊಡಗುತ್ತದೆ, ಎರಡೂ ಸ್ಪಾನ್ಸನ್‌ಗಳು (ಒಡಲಿನ ಮುಂಭಾಗದ ಎರಡು ಬದಿಗಳಲ್ಲಿ ಚಾಚಿ ದೋಣಿಯನ್ನು ಹೊರುವ ಭಾಗಗಳು) ನೀರನ್ನು ಬಿಟ್ಟು ಪಕ್ಕದಿಂದ ಪಕ್ಕಕ್ಕೆ ತೂಗಾಡುತ್ತವೆ, ಥ್ರಾಟಲ್ ಇಳಿಸಲು ತಡವಾದರೆ ದೋಣಿ ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತದೆ. ಎರಡನೆಯದು ಬಲ ತಿರುವಿನದು. ತಿರುವಿಗೆ ಹೊಕ್ಕ ಕೂಡಲೇ ಹೊರಬದಿಯ ಎಡ ಸ್ಪಾನ್ಸನ್ ತಟತಟನೆ ಕುಣಿಯುತ್ತದೆ, ಒಳಬದಿಯ ಬಲ ಸ್ಪಾನ್ಸನ್ ಗಾಳಿಯಲ್ಲಿ ತೇಲುತ್ತದೆ. ಆಗ ಥ್ರಾಟಲ್ ಪೂರ್ತಿ ಬಿಟ್ಟರೆ ಮೂತಿ ನೀರಿಗೆ ಕುಕ್ಕುತ್ತದೆ.

ಮೂತಿಯಲ್ಲಿ ಸೀಸ ಇಡಬೇಕೆಂದು ಒಬ್ಬರು, ಸ್ಟ್ರಟ್ (ಪ್ರೊಪೆಲ್ಲರ್ ಶಾಫ್ಟನ್ನು ಹಿಂಬದಿಯಲ್ಲಿ ಹಿಡಿದಿಡುವ ಆಧಾರ) ಇಳಿಸಬೇಕೆಂದು ಇನ್ನೊಬ್ಬರು, ಚಿಕ್ಕ ಪ್ರೊಪೆಲ್ಲರ್ ಹಾಕಬೇಕೆಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಯಾವ ಕ್ರಮದಲ್ಲಿ ಹೋಗುವುದು ಸರಿ? ಹಿಂಬದಿಯ ರೆಕ್ಕೆ ಮಾದರಿಯಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆಯೇ, ಅಥವಾ ಅದು ನೋಟಕ್ಕೆ ಮಾತ್ರವೇ?

ಮೊದಲ ಉತ್ತರ

ಸೀಸವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂತಿಗೆ ತೂಕ ಸೇರಿಸಿದರೆ ದೋಣಿ ಪಲ್ಟಿ ಹೊಡೆಯುವುದು ಕಡಿಮೆಯಾಗಬಹುದು, ಆದರೆ ತಿರುವಿನ ಕುಣಿತ ಹೆಚ್ಚುತ್ತದೆ. ಮೂಲ ಕಾರಣವಂತೂ ಹಾಗೆಯೇ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಕ್ರಮ ಹೀಗಿರಬೇಕು: ಮೊದಲು ಮೇಜಿನ ಮೇಲಿನ ಅಳತೆ, ಆಮೇಲೆ ಗುರುತ್ವ ಕೇಂದ್ರ, ಆಮೇಲೆ ಸ್ಟ್ರಟ್, ಕೊನೆಗೆ ಪ್ರೊಪೆಲ್ಲರ್.

ಕಾರಣ ಹೇಳುತ್ತೇನೆ. ಮೂರು ಬಿಂದುಗಳ ಹೈಡ್ರೋಪ್ಲೇನ್ ವೇಗ ಹಿಡಿದ ಮೇಲೆ ನೀರನ್ನು ಮುಟ್ಟುವುದು ಮೂರೇ ಕಡೆ: ಎರಡು ಸ್ಪಾನ್ಸನ್‌ಗಳ ಹಿಂದಿನ ಅಂಚು ಮತ್ತು ಪ್ರೊಪೆಲ್ಲರಿನ ಕೆಳಗಿನ ಅರ್ಧ. ದೋಣಿಯ ಹಿಂಬದಿಯನ್ನು ಪ್ರೊಪೆಲ್ಲರೇ ಎತ್ತಿ ಹಿಡಿಯುವ ಈ ವಿನ್ಯಾಸದ ಬಲವನ್ನು ಜಗತ್ತಿಗೆ ತೋರಿಸಿದ್ದು ಟೆಡ್ ಜೋನ್ಸ್ ವಿನ್ಯಾಸಗೊಳಿಸಿದ ಸ್ಲೋ-ಮೋ-ಶನ್ 4. 1950ರ ಜೂನ್ 26ರಂದು ಸಿಯಾಟಲ್‌ನ ಲೇಕ್ ವಾಷಿಂಗ್ಟನ್‌ನಲ್ಲಿ ಸ್ಟ್ಯಾನ್ಲಿ ಸೇರ್ಸ್ ಅದನ್ನು ಗಂಟೆಗೆ 160.323 ಮೈಲಿ, ಅಂದರೆ ಸುಮಾರು 258 ಕಿಮೀ ವೇಗದಲ್ಲಿ ಓಡಿಸಿ, 1939ರಿಂದ ಮಾಲ್ಕಮ್ ಕ್ಯಾಂಪ್‌ಬೆಲ್ ಹೆಸರಿನಲ್ಲಿದ್ದ ದಾಖಲೆಯನ್ನು ಮುರಿದರು. ಅಂದಿನಿಂದ ಇಂದಿನ ಟರ್ಬೈನ್ ದೋಣಿಗಳವರೆಗೂ ಮೂಲ ತತ್ತ್ವ ಅದೇ. ನೀರಿನ ಹಿಡಿತ ಇಷ್ಟು ಕಡಿಮೆಯಾದಾಗ ಒಡಲನ್ನು ಆಳುವುದು ಗಾಳಿ.

ಸ್ಪಾನ್ಸನ್‌ಗಳ ನಡುವಿನ ಸುರಂಗದಲ್ಲಿ ಸಿಕ್ಕಿಕೊಳ್ಳುವ ಗಾಳಿಯ ಎತ್ತುವಿಕೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಿಮ್ಮ ದೋಣಿ ಗಂಟೆಗೆ 70 ಕಿಮೀ ಹೋಗುತ್ತಿದೆ ಎಂದುಕೊಳ್ಳಿ. ಗಂಟೆಗೆ 10 ಕಿಮೀ ಎದುರುಗಾಳಿ ಬೀಸಿದರೆ ಒಡಲಿಗೆ ತಾಗುವ ಗಾಳಿಯ ವೇಗ 80 ಆಗುತ್ತದೆ, ಎತ್ತುವಿಕೆ ಸುಮಾರು ಶೇ. 30ರಷ್ಟು ಏರುತ್ತದೆ. ಮುಖಕ್ಕೆ ಹಿತವೆನಿಸುವ ತಂಗಾಳಿಯೇ ದೋಣಿಗೆ ಹೀಗೆ ಸಾಕಾಗಿಬಿಡುತ್ತದೆ. ಮೂತಿ ಒಂದಿಷ್ಟು ಎದ್ದ ಕೂಡಲೇ ತಳದ ಕೋನ ಹೆಚ್ಚುತ್ತದೆ, ಕೋನ ಹೆಚ್ಚಿದ್ದರಿಂದ ಎತ್ತುವಿಕೆ ಇನ್ನೂ ಏರುತ್ತದೆ, ಎತ್ತುವಿಕೆಯ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಮುಂದಿರುವುದರಿಂದ ಮೂತಿ ಮತ್ತಷ್ಟು ಮೇಲೆ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ಅದನ್ನು ತಡೆಯುವುದು ಯಾರಿಂದಲೂ ಆಗದು. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ವಾಟರ್ ಸರೋವರದಲ್ಲಿ ಮಾಲ್ಕಮ್ ಅವರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ಲರ ದೋಣಿ ಬ್ಲೂಬರ್ಡ್ ಕೆ7 ಮೂತಿ ಎತ್ತಿ ಮಗುಚಿತು; ಅನ್‌ಲಿಮಿಟೆಡ್ ಚಾಲಕರಾದ, 1981ರಲ್ಲಿ ಅಕಪುಲ್ಕೋದಲ್ಲಿ ಬಿಲ್ ಮನ್ಸಿ, ಮರುವರ್ಷ ಕೊಲಂಬಿಯಾ ನದಿಯಲ್ಲಿ ಡೀನ್ ಚೆನೊವೆತ್ ಇಂಥ ಅಪಘಾತಗಳಲ್ಲೇ ತೀರಿಕೊಂಡರು. ಆ ಬಳಿಕವೇ ಅನ್‌ಲಿಮಿಟೆಡ್ ದೋಣಿಗಳಿಗೆ ಎಫ್-16 ಯುದ್ಧವಿಮಾನದ ಮುಚ್ಚಿದ ಕ್ಯಾನಪಿ (ಚಾಲಕನ ಮೇಲಿನ ಪಾರದರ್ಶಕ ಮುಚ್ಚಳ) ಬಂದದ್ದು. ನಮ್ಮ ಮಾದರಿಯಲ್ಲಿ ಯಾರೂ ಕುಳಿತಿರುವುದಿಲ್ಲ, ಆದರೆ ಮಗುಚುವ ಕ್ರಮ ಅಕ್ಷರಶಃ ಅದೇ.

ಆದ್ದರಿಂದ ನಿಮ್ಮ ಮುಂದಿರುವ ಪ್ರಶ್ನೆ ಶಕ್ತಿಯದಲ್ಲ, ಒಡಲು ನೀರಿನ ಮೇಲೆ ಕೂರುವ ಭಂಗಿಯದು. ಬ್ಯಾಟರಿ ಸಮೇತ ದೋಣಿಯನ್ನು ಎರಡು ಬೆರಳುಗಳ ಮೇಲೆ ತೂಗಿ ಗುರುತ್ವ ಕೇಂದ್ರವನ್ನು ಗುರುತಿಸಿ. ಈ ಮಾದರಿಯ ಒಡಲಿನಲ್ಲಿ ಅದು ಸ್ಪಾನ್ಸನ್ನಿನ ಹಿಂದಿನ ಅಂಚಿಗಿಂತ ಒಂದೆರಡು ಬೆರಳಿನಷ್ಟು ಹಿಂದೆ ಇದ್ದರೆ ಆರಂಭಕ್ಕೆ ಒಳ್ಳೆಯದು. ಅದಕ್ಕಿಂತ ಬಹಳ ಹಿಂದಿದ್ದರೆ ಮೂತಿ ಹಗುರ. ಅಂಚಿಗಿಂತ ಮುಂದೆ ಹೋದರೆ ದೋಣಿ ನೀರಿಗೆ ಅಂಟಿಕೊಂಡು ಭಾರವಾಗಿ ಓಡುತ್ತದೆ, ತಿರುವಿನಲ್ಲಿ ಕುಕ್ಕುತ್ತದೆ. ಸರಿಪಡಿಸಲು ಸೀಸದ ಬದಲು ಬ್ಯಾಟರಿಯನ್ನೇ ಸರಿಸಿ. 2.9 ಕೆಜಿಯ ದೋಣಿಯಲ್ಲಿ 500 ಗ್ರಾಂ ಬ್ಯಾಟರಿಯನ್ನು 60 ಮಿಮೀ ಮುಂದಕ್ಕೆ ಸರಿಸಿದರೆ ಗುರುತ್ವ ಕೇಂದ್ರ ಸುಮಾರು 10 ಮಿಮೀ ಮುಂದೆ ಬರುತ್ತದೆ, ಒಂದು ಗ್ರಾಂ ತೂಕವೂ ಹೆಚ್ಚುವುದಿಲ್ಲ.

ಆಮೇಲೆ ಸ್ಟ್ರಟ್. ಅದನ್ನು ಇಳಿಸಿದಷ್ಟೂ ಪ್ರೊಪೆಲ್ಲರ್ ಹಿಂಬದಿಯನ್ನು ಮೇಲಕ್ಕೆ ಹಿಡಿಯುತ್ತದೆ, ಒಡಲು ಮುಂದಕ್ಕೆ ಬಾಗಿ ಸುರಂಗದ ಕೋನ ಕಡಿಮೆಯಾಗುತ್ತದೆ. ಏರಿಸಿದರೆ ಇದರ ವಿರುದ್ಧ. ಕೋನವನ್ನು ತಳಕ್ಕೆ ಸಮಾನಾಂತರವಾಗಿಟ್ಟು ಎತ್ತರವನ್ನು ಮಾತ್ರ ಒಂದೊಂದೇ ಮಿಲಿಮೀಟರ್ ಬದಲಿಸಿ. ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ಸರಿಯಾದ ಜಾಗವನ್ನು ದಾಟಿಯೇ ಹೋಗುತ್ತೀರಿ.

ರೆಕ್ಕೆ ನೋಟಕ್ಕೆ ಮಾತ್ರವಲ್ಲ. ಹಿಂಬದಿಯನ್ನು ಎತ್ತುವ ಮೂಲಕ ಅದು ಮೂತಿಯನ್ನು ಕೆಳಗಿಡುತ್ತದೆ. ಮುಂದಂಚು ಒಂದೆರಡು ಡಿಗ್ರಿ ಮೇಲಿರುವಂತೆ ಕೂರಿಸಿ, ಕಂಬಗಳನ್ನು ಬೆರಳಲ್ಲಿ ತಳ್ಳಿದರೂ ಅಲುಗದಷ್ಟು ಗಟ್ಟಿ ಮಾಡಿ. ಬಾಲ್ಸಾ ಕಂಬಗಳ ಮೇಲೆ ನಡುಗುವ ರೆಕ್ಕೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಎರಡನೆಯ ಉತ್ತರ

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಪ್ರೊಪೆಲ್ಲರನ್ನು ಕೊನೆಗೆ ತಳ್ಳಿದ್ದನ್ನು ಮಾತ್ರ ಒಪ್ಪಲಾರೆ. ದೋಣಿಯ ಮೂರನೆಯ ಬಿಂದುವೇ ಪ್ರೊಪೆಲ್ಲರ್ ಎಂದ ಮೇಲೆ, ಭಂಗಿಯನ್ನು ಹೊಂದಿಸುವಾಗ ಅದನ್ನು ಲೆಕ್ಕದಿಂದ ಹೊರಗಿಡುವುದು ಹೇಗೆ? ಮೂರು ಕಾಲಿನ ಪೀಠದಲ್ಲಿ ಎರಡು ಕಾಲುಗಳನ್ನಷ್ಟೇ ಅಳೆದಂತಾಗುತ್ತದೆ.

ಮೊದಲು ಲೆಕ್ಕ ನೋಡೋಣ. 42 ಮಿಮೀ ವ್ಯಾಸಕ್ಕೆ 1.4 ಅನುಪಾತವೆಂದರೆ ಪಿಚ್ 58.8 ಮಿಮೀ, ಜಾರುವಿಕೆ ಇಲ್ಲದಿದ್ದರೆ ಒಂದು ಸುತ್ತಿಗೆ ದೋಣಿ ಅಷ್ಟು ಮುಂದೆ ಹೋಗಬೇಕು. ನಾಲ್ಕು ಸೆಲ್‌ಗಳ ನಾಮಮಾತ್ರದ ವೋಲ್ಟೇಜ್ 14.8, ಅದನ್ನು 2000 ಕೆವಿಯಿಂದ ಗುಣಿಸಿದರೆ ನಿಮಿಷಕ್ಕೆ 29,600 ಸುತ್ತು. ಹೊರೆ ಬಿದ್ದಾಗ ಅದರ ಶೇ. 85ರಷ್ಟು ಉಳಿಯಿತೆಂದರೂ 25,000ಕ್ಕೆ ಸ್ವಲ್ಪ ಮೇಲೆ, ಪಿಚ್ ಲೆಕ್ಕದಲ್ಲಿ ಗಂಟೆಗೆ ಸುಮಾರು 89 ಕಿಮೀ. ಶೇ. 12ರಷ್ಟು ಜಾರುವಿಕೆಯನ್ನು ಕಳೆದರೆ 78 ಕಿಮೀ. ಮೇಲಿನವರು ಉದಾಹರಣೆಗೆ ಹೇಳಿದ 70ಕ್ಕಿಂತ ನಿಮ್ಮ ದೋಣಿ ವೇಗವಾಗಿಯೇ ಓಡುತ್ತಿರಬಹುದು.

ಈಗ 40 ಮಿಮೀ ಪ್ರೊಪೆಲ್ಲರ್ ಹಾಕಿದರೆ ಏನಾಗುತ್ತದೆ? ಅದೇ ಅನುಪಾತದ, ಅದೇ ಆಕಾರದ ಎಲೆಗಳು ಅದೇ ಸುತ್ತುಗಳಲ್ಲಿ ಹೀರುವ ಶಕ್ತಿ ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ಹೊರೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯುತ್ತದೆ. ಮೋಟರ್, ವೇಗ ನಿಯಂತ್ರಕ ಎರಡೂ ತಂಪಾಗಿರುತ್ತವೆ. ವೇಗ ಸ್ವಲ್ಪ ತಗ್ಗುವುದರಿಂದ ಗಾಳಿಯ ಎತ್ತುವಿಕೆಯೂ ತಗ್ಗುತ್ತದೆ. ಆದರೆ ಅದರ ಜೊತೆಗೇ ಪ್ರೊಪೆಲ್ಲರ್ ಹಿಂಬದಿಯನ್ನು ಎತ್ತುವ ಬಲವೂ ಕುಗ್ಗುತ್ತದೆ, ಬಾಲ ಕೆಳಗಿಳಿದು ಮೂತಿ ಏಳುತ್ತದೆ. ಚಿಕ್ಕ ಪ್ರೊಪೆಲ್ಲರ್ ಹಾಕಿದ ಮೇಲೆ ದೋಣಿ ಮೊದಲಿಗಿಂತ ಹೆಚ್ಚು ಮೂತಿ ಎತ್ತಿತೆಂದು ಬೆರಗಾಗುವವರಿಗೆ ಉತ್ತರ ಇಲ್ಲಿದೆ. ವ್ಯಾಸ ಬದಲಿಸಿದಾಗಲೆಲ್ಲ ಸ್ಟ್ರಟ್ ಎತ್ತರವನ್ನು ಹೊಸದಾಗಿ ನೋಡಲೇಬೇಕು.

ಅಂಗಡಿಯಿಂದ ಬಂದ ಬೆರಿಲಿಯಂ ತಾಮ್ರದ ಪ್ರೊಪೆಲ್ಲರ್ ಎರಕದ ಅಚ್ಚಿನಿಂದ ಹೊರಬಂದ ವಸ್ತು ಮಾತ್ರ, ಓಟಕ್ಕೆ ಸಿದ್ಧವಾದದ್ದಲ್ಲ. ಅದರ ಮುಂದಂಚು ದಪ್ಪಗಿರುತ್ತದೆ, ಎರಡು ಎಲೆಗಳ ತೂಕ ಒಂದೇ ಆಗಿರುವುದಿಲ್ಲ. ನೀರನ್ನು ಹಿಂದಕ್ಕೆ ತಳ್ಳುವ ಮುಖವನ್ನು ಮುಟ್ಟಬೇಡಿ. ದೋಣಿಯ ಮೂತಿಯ ಕಡೆಗೆ ನೋಡುವ ಉಬ್ಬಿದ ಮುಖವನ್ನು ಮಾತ್ರ ತಿಕ್ಕಿ ಮುಂದಂಚನ್ನು ಚಾಕುವಿನಂತೆ ತೆಳುಗೊಳಿಸಿ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಹೊಳೆಯುವ ಬಿಳಿ ಗೆರೆ ಕಾಣಿಸಿದರೆ ಅಲ್ಲಿ ಇನ್ನೂ ದಪ್ಪ ಉಳಿದಿದೆ ಎಂದರ್ಥ. ಗೆರೆ ಮಾಯವಾಗುವವರೆಗೆ ತಿಕ್ಕಬೇಕು. ಆಮೇಲೆ ಬ್ಯಾಲೆನ್ಸರ್ ಮೇಲೆ ತೂಗಿ, ಭಾರವಾದ ಎಲೆಯಿಂದ ಅದೇ ಉಬ್ಬಿದ ಮುಖದಲ್ಲಿ ಲೋಹ ತೆಗೆಯಿರಿ. ಒಂದು ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ: ಬೆರಿಲಿಯಂ ಇರುವ ಧೂಳು ಶ್ವಾಸಕೋಶಕ್ಕೆ ನಿಜವಾಗಿಯೂ ಅಪಾಯಕಾರಿ. ನೀರಿನಲ್ಲಿ ನೆನೆಸಿದ ಉಜ್ಜುಕಾಗದದಿಂದಲೇ ತಿಕ್ಕಿ, ತಕ್ಕ ಮುಖವಾಡ ಧರಿಸಿ, ಕೆಸರನ್ನು ಒಣಗಲು ಬಿಡದೆ ಒರೆಸಿ ತೆಗೆಯಿರಿ. ವಿದ್ಯುತ್ ಉಪಕರಣದಲ್ಲಿ ಒಣಗಿದ ಲೋಹವನ್ನು ತಿಕ್ಕುವುದು ಬೇಡವೇ ಬೇಡ.

ಇನ್ನು ಮೋಟರನ್ನು ಪ್ರೊಪೆಲ್ಲರಿಗೆ ಜೋಡಿಸುವ ಫ್ಲೆಕ್ಸ್ ಶಾಫ್ಟ್. ಎಳೆಗಳನ್ನು ಹೆಣೆದು ಮಾಡಿದ ಈ ಶಾಫ್ಟ್ ಹೊರೆ ಬಿದ್ದಾಗ ಬಿಗಿದುಕೊಂಡು ಉದ್ದದಲ್ಲಿ ಕುಗ್ಗುತ್ತದೆ. ಪ್ರೊಪೆಲ್ಲರನ್ನು ತಿರುಗಿಸಲು ಶಾಫ್ಟಿಗೆ ಬಿಗಿದ ಡ್ರೈವ್ ಡಾಗ್ ಮತ್ತು ಸ್ಟ್ರಟ್‌ಗಳ ನಡುವೆ 3ರಿಂದ 5 ಮಿಮೀ ಸಂದು ಇಲ್ಲದಿದ್ದರೆ ಪೂರ್ಣ ಥ್ರಾಟಲ್‌ನಲ್ಲಿ ಡಾಗ್ ಸ್ಟ್ರಟ್ಟಿನ ಬುಶಿಂಗಿಗೆ ಉಜ್ಜುತ್ತದೆ, ಕರೆಂಟ್ ಏರುತ್ತದೆ, ಮೋಟರ್ ಬಿಸಿಯಾಗುತ್ತದೆ, ನೋಡುವವರು ಪ್ರೊಪೆಲ್ಲರ್ ದೊಡ್ಡದಾಯಿತೆಂದು ತೀರ್ಮಾನಿಸುತ್ತಾರೆ. ಪ್ರತಿ ದಿನದ ಓಟ ಮುಗಿದ ಮೇಲೆ ಶಾಫ್ಟನ್ನು ಹೊರಗೆಳೆದು ಒರೆಸಿ ಹೊಸ ಗ್ರೀಸ್ ಹಚ್ಚುವುದು ರೂಢಿಯಾಗಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ದೋಣಿಯನ್ನು ದಪ್ಪ ಗಾಜಿನ ಹಾಳೆಯ ಮೇಲಿಟ್ಟು ಅಳೆದೆ. ಗುರುತ್ವ ಕೇಂದ್ರ ಸ್ಪಾನ್ಸನ್ ಅಂಚಿನಿಂದ 55 ಮಿಮೀ ಹಿಂದಿದೆ. ಸ್ಟ್ರಟ್ ತಳಕ್ಕೆ ಸಮಾನಾಂತರವಾಗಿದೆ, ಶಾಫ್ಟಿನ ಸಂದು 4 ಮಿಮೀ ಇದೆ. ಸ್ಪಾನ್ಸನ್‌ಗಳಲ್ಲಿ ಮಾತ್ರ ವ್ಯತ್ಯಾಸ ಕಂಡಿತು: ನೀರನ್ನು ಮುಟ್ಟುವ ತಳದ ಕೋನ ಬಲಗಡೆ 3 ಡಿಗ್ರಿ, ಎಡಗಡೆ 4 ಡಿಗ್ರಿ. ಎರಡರ ಹಿಂದಿನ ಅಂಚುಗಳ ಎತ್ತರ ಒಂದೇ ಇದೆ. ಒಂದು ಡಿಗ್ರಿ ಅಷ್ಟು ದೊಡ್ಡ ವಿಷಯವೇ? ಅದಕ್ಕಾಗಿ ಬಣ್ಣ ಬಳಿದ ಒಡಲನ್ನು ಬಿಚ್ಚಬೇಕೇ? ಟರ್ನ್ ಫಿನ್ (ತಿರುವಿನಲ್ಲಿ ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿದು ಹಿಡಿಯುವ ಅಲಗು) ಬಲ ಸ್ಪಾನ್ಸನ್ನಿನ ಹಿಂದೆ ಇದೆ, ನೇರವಾದ ಚಪ್ಪಟೆ ಅಲ್ಯೂಮಿನಿಯಂ ತಗಡು.

ಮೂರನೆಯ ಉತ್ತರ

ಒಂದು ಡಿಗ್ರಿ ದೊಡ್ಡ ವಿಷಯವೇ. ಒಡಲನ್ನು ಬಿಚ್ಚುವ ಅಗತ್ಯ ಮಾತ್ರ ಇಲ್ಲ.

ಬಲ ತಿರುವಿನಲ್ಲಿ ಹೊರೆಯೆಲ್ಲ ಹೊರಬದಿಯ ಎಡ ಸ್ಪಾನ್ಸನ್ನಿನ ಮೇಲೆ ಬೀಳುತ್ತದೆ. ಅದರ ಕೋನ ಹೆಚ್ಚಿದ್ದರೆ ನೀರು ಅದನ್ನು ಬಲವಾಗಿ ಮೇಲಕ್ಕೆ ಒದೆಯುತ್ತದೆ, ಅದು ನೀರು ಬಿಡುತ್ತದೆ, ಎತ್ತುವಿಕೆ ಇಲ್ಲವಾಗಿ ಮತ್ತೆ ಬೀಳುತ್ತದೆ, ಮತ್ತೆ ಒದೆಸಿಕೊಳ್ಳುತ್ತದೆ. ನೀವು ಕಂಡ ತಟತಟ ಕುಣಿತದ ಮೂಲ ಇದೇ ಎಂದು ನನ್ನ ಅಂದಾಜು. ಸರಿಪಡಿಸಲು ಎಡ ಸ್ಪಾನ್ಸನ್ನಿನ ತಳಕ್ಕೆ ಬೆಣೆಯಾಕಾರದ ಪದರವೊಂದನ್ನು ಸೇರಿಸಿದರೆ ಸಾಕು. ತಳದ ಸಮತಟ್ಟಾದ ಭಾಗ 150 ಮಿಮೀ ಉದ್ದವಿದ್ದರೆ ಒಂದು ಡಿಗ್ರಿಗೆ ಮುಂದಿನ ತುದಿಯಲ್ಲಿ ಸುಮಾರು 2.6 ಮಿಮೀ ದಪ್ಪ ಬೇಕು, ಹಿಂದಿನ ಅಂಚಿಗೆ ಬರುವಷ್ಟರಲ್ಲಿ ಅದು ಸೊನ್ನೆಗೆ ಇಳಿಯಬೇಕು. ಹಿಂದಿನ ಅಂಚನ್ನು ತಿಕ್ಕಿ ಕೋನ ಕಡಿಮೆ ಮಾಡುವುದು ಸುಲಭವೆನಿಸಬಹುದು, ಆದರೆ ಹಾಗೆ ಮಾಡಿದರೆ ಈಗ ಸಮನಾಗಿರುವ ಅಂಚುಗಳ ಎತ್ತರ ಹಾಳಾಗಿ ದೋಣಿ ಒಂದು ಬದಿಗೆ ವಾಲಿ ಓಡುತ್ತದೆ.

ತಳದ ಬಣ್ಣವನ್ನು ಮರದವರೆಗೆ ಕೆರೆದು ತೆಗೆಯಿರಿ. ಹಗುರ ಪುಡಿ ಬೆರೆಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ಹರಡಿ, ಮೇಣ ಸವರಿದ ಗಾಜಿನ ತುಂಡನ್ನು ಅದರ ಮೇಲೆ ಒತ್ತಿ, ಮುಂದೆ 2.6 ಮಿಮೀ ಪಟ್ಟಿಯ ಮೇಲೆ, ಹಿಂದೆ ನೇರವಾಗಿ ಅಂಚಿನ ಮೇಲೆ ಗಾಜು ಕೂರುವಂತೆ ಹಿಡಿದು ಗಟ್ಟಿಯಾಗಲು ಬಿಡಿ. ಗಾಜು ತೆಗೆದಾಗ ಕನ್ನಡಿಯಂಥ ಸಮತಟ್ಟು ಸಿಗುತ್ತದೆ. ಆಮೇಲೆ ಹಿಂದಿನ ಅಂಚನ್ನು ನೋಡಿ. ಅದು ಉಗುರಿನಿಂದ ಸವರಿದರೆ ಕೆರೆಯುವಷ್ಟು ಚೂಪಾಗಿ, ಲಂಬ ಕೋನದಲ್ಲಿ ಕಡಿದಂತೆ ಇರಬೇಕು. ಪಾಲಿಶ್ ಮಾಡುವ ಹುಮ್ಮಸ್ಸಿನಲ್ಲಿ ಎಷ್ಟೋ ಮಂದಿ ಈ ಅಂಚನ್ನು ಗುಂಡಗಾಗಿಸುತ್ತಾರೆ. ಆಗ ನೀರು ಅಂಚಿನಲ್ಲಿ ಕಳಚಿಕೊಳ್ಳದೆ ಹಿಂದಿನ ಗೋಡೆಗೆ ಹತ್ತಿಕೊಂಡು ಸ್ಪಾನ್ಸನ್ನನ್ನು ಕೆಳಗೆಳೆಯುತ್ತದೆ.

ಟರ್ನ್ ಫಿನ್ ಬಗ್ಗೆ. ಬಲ ತಿರುವಿನಲ್ಲಿ ದೋಣಿ ಎಡಕ್ಕೆ ಜಾರಲು ನೋಡುತ್ತದೆ, ಫಿನ್ ಅದನ್ನು ಬಲಕ್ಕೆ ತಳ್ಳಿ ಹಿಡಿಯುತ್ತದೆ. ಈ ಬಲ ಗುರುತ್ವ ಕೇಂದ್ರಕ್ಕಿಂತ ಕೆಳಗೆ ವರ್ತಿಸುವುದರಿಂದ ಒಡಲು ಹೊರಕ್ಕೆ ವಾಲುತ್ತದೆ, ಬಲ ಸ್ಪಾನ್ಸನ್ ಏಳುತ್ತದೆ. ಚಪ್ಪಟೆ ತಗಡು ಇದಕ್ಕೆ ಏನೂ ಮಾಡದು. ಫಿನ್ನಿನ ಕೆಳಭಾಗವನ್ನು ದೋಣಿಯ ನಡುಗೆರೆಯ ಕಡೆಗೆ ಸ್ವಲ್ಪ ಬಾಗಿಸಿದರೆ, ಪಕ್ಕದಿಂದ ಬರುವ ನೀರಿನ ಒತ್ತಡದ ಒಂದು ಪಾಲು ಫಿನ್ನನ್ನು ಕೆಳಕ್ಕೆ ಎಳೆಯುತ್ತದೆ, ಒಳಬದಿಯ ಸ್ಪಾನ್ಸನ್ ನೀರಿನ ಮೇಲೆಯೇ ಉಳಿಯುತ್ತದೆ. ಬಾಗು ಹೊರಕ್ಕೆ ಇದ್ದರೆ ಪರಿಣಾಮ ತಿರುಗುಮುರುಗು, ಆದ್ದರಿಂದ ಯಾವ ಕಡೆಗೆಂದು ಎರಡು ಬಾರಿ ನೋಡಿ ಬಾಗಿಸಿ. ನೇರ ಓಟದಲ್ಲಿ ಫಿನ್ ದೋಣಿಯನ್ನು ಪಕ್ಕಕ್ಕೆ ಎಳೆಯದಂತೆ ಅದು ನಡುಗೆರೆಗೆ ಸಮಾನಾಂತರವಾಗಿರಲಿ, ಮುಂದಂಚು ಚೂಪಾಗಿರಲಿ.

ನಿಮ್ಮ ತೂಕದ ಬಗ್ಗೆಯೂ ಒಂದು ಮಾತು. ಉದ್ದ ಹತ್ತನೆಯ ಒಂದಾದರೆ ತೂಕ ಸಾವಿರದ ಒಂದಾಗಬೇಕು. ಸುಮಾರು 3 ಟನ್ನಿನ ದೋಣಿಗೆ 3 ಕೆಜಿ. ನೀವು ಸರಿಯಾದ ಜಾಗದಲ್ಲಿದ್ದೀರಿ. ಇನ್ನೂ ಹಗುರ ಮಾಡುವ ಆಸೆಗೆ ಬೀಳಬೇಡಿ, ಏಕೆಂದರೆ ಹಗುರವಾದಷ್ಟೂ ಗಾಳಿಗೆ ಅದು ಸುಲಭದ ತುತ್ತು. ಮುಂದಿನ ದೋಣಿಯಲ್ಲಿ ಚೌಕಟ್ಟುಗಳನ್ನು ಸಮತಟ್ಟಾದ ಹಲಗೆಯ ಮೇಲೆ ತಲೆಕೆಳಗಾಗಿ ಜಿಗ್‌ನಲ್ಲಿ (ಭಾಗಗಳನ್ನು ಅಲುಗದಂತೆ ಹಿಡಿದಿಡುವ ಸಾಧನದಲ್ಲಿ) ನಿಲ್ಲಿಸಿ, ಎಡ ಬಲ ಹೊದಿಕೆಗಳನ್ನು ಒಂದೇ ಹೊತ್ತಿಗೆ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಜಿಗ್‌ನಿಂದ ಬಿಡಿಸದಿರಿ. ಒಂದು ಬದಿ ಮೊದಲು, ಇನ್ನೊಂದು ಬದಿ ಮರುದಿನ ಎಂದು ಅಂಟಿಸಿದ ಒಡಲು ತಿರುಚಿಕೊಳ್ಳುವುದು ಬಹಳ ಸಾಮಾನ್ಯ.

ನಾಲ್ಕನೆಯ ಉತ್ತರ

ಕಟ್ಟುವ ಮಾತು ಸಾಕಷ್ಟು ಆಯಿತು, ಸ್ಪರ್ಧೆಯ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ದೋಣಿಯನ್ನು ಹೊಂದಿಸಬೇಕಾದದ್ದು ಒಂಟಿ ಓಟಕ್ಕಲ್ಲ, ಇತರ ದೋಣಿಗಳು ಕಲಕಿದ ನೀರಿಗೆ.

ನೀರಿನ ಮೇಲೆ ಓಡುವ ಒಡಲುಗಳ ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸುವುದು ವಾಡಿಕೆ. ಗಂಟೆಗೆ 240 ಕಿಮೀ ಓಡುವ ದೋಣಿಯ 1/10 ಮಾದರಿಗೆ ಅದು 76 ಕಿಮೀ ಆಗುತ್ತದೆ. ಎರಡನೆಯ ಉತ್ತರದ ಲೆಕ್ಕದಲ್ಲಿ ನಿಮ್ಮದು ಈಗಾಗಲೇ 78. ಅಂದರೆ ಮೂಲ ದೋಣಿಯ ಎತ್ತುವಿಕೆ ಮತ್ತು ತೂಕದ ಅನುಪಾತದಲ್ಲೇ ನೀವು ಓಡುತ್ತಿದ್ದೀರಿ, ಇನ್ನೂ ವೇಗ ಹೆಚ್ಚಿಸಿದರೆ ಆ ಅನುಪಾತವನ್ನು ಮೀರುತ್ತೀರಿ. ಗಾಳಿ ಮತ್ತು ಅಲೆ ಮಾತ್ರ ನಮಗಾಗಿ ಕಿರಿದಾಗುವುದಿಲ್ಲ. 5 ಸೆಂಮೀ ಎತ್ತರದ ತೆರೆ ನಿಮ್ಮ ದೋಣಿಗೆ ಅರ್ಧ ಮೀಟರ್ ಅಲೆ. ಆದ್ದರಿಂದ ಶಾಂತ ನೀರಿನಲ್ಲಿ ಅತ್ಯುತ್ತಮವಾಗಿ ಓಡುವ ಹೊಂದಾಣಿಕೆಯನ್ನು ಗುರುತಿಸಿಟ್ಟುಕೊಂಡು, ಸ್ಪರ್ಧೆಗೆ ಅದಕ್ಕಿಂತ ಸ್ಟ್ರಟ್ಟನ್ನು ಒಂದು ಮಿಲಿಮೀಟರ್ ಇಳಿಸಿಯೇ ಓಡಿಸುವುದು ಜಾಣತನ. ನೇರ ಓಟದಲ್ಲಿ ಕಳೆದುಕೊಳ್ಳುವ ಅಲ್ಪ ವೇಗವನ್ನು ತಿರುವಿನಲ್ಲಿ ಥ್ರಾಟಲ್ ಬಿಡದೆ ಹೋಗುವ ಧೈರ್ಯ ತುಂಬಿಕೊಡುತ್ತದೆ.

ಅನ್‌ಲಿಮಿಟೆಡ್ ದೋಣಿಗಳು ಅಪ್ರದಕ್ಷಿಣವಾಗಿ, ಎಡ ತಿರುವುಗಳಲ್ಲಿ ಓಡುತ್ತವೆ. ಅಮೆರಿಕದ ಮಾದರಿ ಸಂಘಗಳಾದ ನಾಂಬಾ ಮತ್ತು ಐಎಂಪಿಬಿಎಗಳ ನಿಯಮದಲ್ಲಿ ಮಾದರಿಗಳು ಪ್ರದಕ್ಷಿಣವಾಗಿ ಓಡುತ್ತವೆ. ಮೂಲ ದೋಣಿಯಲ್ಲಿ ಎಡಗಡೆ ಇರುವ ಫಿನ್ ನಿಮ್ಮಲ್ಲಿ ಬಲಗಡೆ ಇರುವುದು ಇದೇ ಕಾರಣಕ್ಕೆ. ಹಿಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುವ ಪ್ರೊಪೆಲ್ಲರ್, ನೀರಿನಲ್ಲಿ ಮುಳುಗಿದ ಕೆಳ ಅರ್ಧದ ಎಲೆಗಳಿಂದ, ಹಿಂಬದಿಯನ್ನು ಎಡಕ್ಕೆ ನೂಕಿ ಮೂತಿಯನ್ನು ಬಲಕ್ಕೆ ತಿರುಗಿಸುತ್ತದೆ. ಬಲ ತಿರುವಿಗೆ ಅದು ಪುಕ್ಕಟೆ ಸಹಾಯ. ನೇರ ಓಟದಲ್ಲಿ ರಡ್ಡರಿನ ಟ್ರಿಮ್ ಸ್ವಲ್ಪ ಎಡಕ್ಕೆ ಬೇಕಾದರೆ ಗಾಬರಿಯಾಗಬೇಡಿ.

ಅಳತೆಯ ಹೈಡ್ರೋಪ್ಲೇನ್‌ಗಳ ಸ್ಪರ್ಧೆ ನಿಂತಲ್ಲಿಂದ ಹೊರಡುವುದಲ್ಲ. ದೋಣಿಗಳು ಮೊದಲೇ ನೀರಿನಲ್ಲಿ ಸುತ್ತುತ್ತಿರುತ್ತವೆ, ಗಡಿಯಾರ ಸೊನ್ನೆಗೆ ಬರುವ ಕ್ಷಣಕ್ಕೆ ಪೂರ್ಣ ವೇಗದಲ್ಲಿ ಆರಂಭದ ಗೆರೆ ದಾಟಬೇಕು. ಮುಂಚೆ ದಾಟಿದವರಿಗೆ ದಂಡ. ಎಲ್ಲ ಕೌಶಲವೂ ಇಲ್ಲಿದೆ: ನಿಮ್ಮ ದೋಣಿ ಕೊನೆಯ ತಿರುವಿನ ಬೋಯ್‌ನಿಂದ (ತೇಲುವ ಗುರುತಿನಿಂದ) ಗೆರೆಯವರೆಗೆ ಬರಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂಬುದು ಕೈಗೆ ಕಂಠಪಾಠವಾಗಿರಬೇಕು. ಮುಂದಿನ ದೋಣಿಯ ಹಿಂದೆ ಏಳುವ ನೀರಿನ ಕಾರಂಜಿಯೊಳಗೆ ನುಗ್ಗಿದರೆ ಮೂತಿಯೂ ಮೋಟರೂ ಒಟ್ಟಿಗೆ ಕೆಡುತ್ತವೆ; ಸಾಕಷ್ಟು ಅಂತರ ಗಳಿಸದೆ ಇನ್ನೊಬ್ಬರ ಲೇನಿಗೆ ಅಡ್ಡ ಬರಬಾರದೆಂಬ ನಿಯಮ ಇರುವುದೂ ಇದಕ್ಕಾಗಿಯೇ.

ಬ್ಯಾಟರಿಯ ಲೆಕ್ಕವನ್ನೂ ಮರೆಯಬೇಡಿ. 5000 ಎಂಎಎಚ್‌ನಲ್ಲಿ ಐದನೆಯ ಒಂದು ಭಾಗ ಉಳಿಸಬೇಕೆಂದರೆ ಬಳಸಲು ಸಿಗುವುದು 4000. ಆರಂಭದ ಸುತ್ತಾಟವೂ ಸೇರಿ ಎರಡೂವರೆ ನಿಮಿಷ ಓಡಬೇಕಾದರೆ ಸರಾಸರಿ ಕರೆಂಟ್ 96 ಆಂಪಿಯರ್ ಮೀರಬಾರದು. 42 ಮಿಮೀ ಪ್ರೊಪೆಲ್ಲರಿನಲ್ಲಿ ಇದು ಹೊಂದುತ್ತದೆಯೇ ಎಂದು ಓಟದ ನಂತರ ಬ್ಯಾಟರಿಗೆ ಎಷ್ಟು ಮರಳಿ ತುಂಬಿತೆಂಬುದನ್ನು ನೋಡಿಯೇ ತಿಳಿಯಬೇಕು. ಹೊಂದದಿದ್ದರೆ 40 ಮಿಮೀಗೆ ಇಳಿಯಲು ಅದು ಸರಿಯಾದ ಕಾರಣ, ಮೂತಿ ಏಳುತ್ತದೆ ಎಂಬುದು ಅಲ್ಲ.

ನೀರಿಗಿಳಿಸುವ ಮುನ್ನ ರಿಸೀವರಿನ ಫೇಲ್‌ಸೇಫ್ ಥ್ರಾಟಲನ್ನು ಸೊನ್ನೆಗೆ ತರುತ್ತದೆಯೇ ಎಂದು ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ. 2.4 ಗಿಗಾಹರ್ಟ್ಸ್ ಸಂಕೇತವನ್ನು ನೀರು ಬೇಗ ಹೀರುವುದರಿಂದ ಆಂಟೆನಾ ಡೆಕ್‌ಗಿಂತ ಮೇಲಿರಲಿ. ನೀರು ತುಂಬಿದರೂ ತೇಲುವಷ್ಟು ಫೋಮ್ ಮೂತಿಯಲ್ಲೂ ಸ್ಪಾನ್ಸನ್‌ಗಳಲ್ಲೂ ಇರಲಿ. ಎಡ ಸ್ಪಾನ್ಸನ್ನಿನ ತಳ ಸರಿಯಾಗಿ, ಬ್ಯಾಟರಿ ಮುಂದೆ ಸರಿದ ಮೇಲೆ, ಮೊದಲು ಗಾಳಿ ಬೆನ್ನಿಗಿರುವ ದಿಕ್ಕಿನಲ್ಲಿ, ಆಮೇಲೆ ಎದುರುಗಾಳಿಯಲ್ಲಿ ಅರ್ಧ ಥ್ರಾಟಲ್‌ನಿಂದ ಮೇಲಕ್ಕೆ ಹೋಗಿ. ಸ್ಪರ್ಧೆಯ ಮೊದಲ ಹೀಟ್‌ನಲ್ಲಿ ಹೊರಗಿನ ಲೇನ್ ಹಿಡಿಯಿರಿ: ದಾರಿ ಉದ್ದ, ಆದರೆ ತಿರುವು ಅಗಲ, ಹೊಸದಾಗಿ ಬಾಗಿಸಿದ ಫಿನ್ ಹೇಗೆ ಹಿಡಿಯುತ್ತದೆಂದು ನೋಡಲು ಅಲ್ಲಿ ಜಾಗ ಸಿಗುತ್ತದೆ.